ಹಲಗೆಯ ಮೇಲೆ ಇಲ್ಲದ ಹೆಸರುಗಳು

(ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಕಾಲೇಜು ವಿದ್ಯಾರ್ಥಿಗಳ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಈ ಸಭೆಗೆ ಕರೆಯಲು ಬಂದ ಹುಡುಗರಿಗೆ ನಾವು ಮೊದಲೇ ಹೇಳಿದ್ದೆವು: “ತಮ್ಮಾ, ನಾವು ಮ್ಯಾಟ್ರಿಕ್ ಆಚೆ ಓದಿದವರಲ್ಲ. ವಿದ್ಯಾರ್ಥಿಯಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಕಾಲೇಜಿನ ಮಾತು ಆಡಲು ಯಾರಾದರೂ ಪ್ರೊಫೆಸರರನ್ನು ಕರೆಯಿರಿ.” ಅವರು ಕೇಳಲಿಲ್ಲ. “ಅದಕ್ಕೇನಾಗ್ತೈತ್ರಿ ಸರ, ನೀವ ಬರ್ರಿ” ಎಂದರು. ಬಂದಿದ್ದೇವೆ. ತಪ್ಪೇನಾದರೂ ಆಡಿದರೆ ಅದರಲ್ಲಿ ಆ ಹುಡುಗರ ಪಾಲೂ ಉಂಟು.

ಒಳಗೆ ಬರುವಾಗ ಬಾಗಿಲ ಬಳಿ ದೊಡ್ಡ ಹಲಗೆ ಕಂಡೆವು. ಹೆಚ್ಚು ಅಂಕ ಪಡೆದವರ ಹೆಸರು, ಖೋಖೋ ಕಬಡ್ಡಿಯಲ್ಲಿ ಗೆದ್ದವರ ಹೆಸರು, ಭಾಷಣಸ್ಪರ್ಧೆಯಲ್ಲಿ ಬಹುಮಾನ ತಂದವರ ಹೆಸರು ಅಂದವಾಗಿ ಬರೆದಿವೆ. ಅವರಿಗೆಲ್ಲ ಈಗ ಕರದಂಟಿನ ಡಬ್ಬಿಯೂ ಸಿಕ್ಕಿತು. ಗೋಕಾಕದ ನೆಲದಲ್ಲಿ ಇದಕ್ಕಿಂತ ಒಳ್ಳೆಯ ಬಹುಮಾನ ಯಾವುದಿದೆ! ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ನಾವೂ ಮನಸಾರೆ ತಟ್ಟಿದೆವು. ಆದರೆ ಮಾಸ್ತರಿಕೆ ಮಾಡಿ ಬಂದವರ ಕಣ್ಣಿಗೆ ಒಂದು ಕೆಟ್ಟ ಚಟವಿದೆ. ತುಂಬಿದ ಬೆಂಚಿಗಿಂತ ಖಾಲಿ ಬೆಂಚು ಮೊದಲು ಕಾಣುತ್ತದೆ. ಮೊದಲ ವರುಷ ನಿಮ್ಮೊಡನೆ ಹೆಸರು ಹಚ್ಚಿದವರಲ್ಲಿ ಈ ಹೊತ್ತು ಇಲ್ಲಿ ಇಲ್ಲದವರು ಯಾರು? ಆ ಹೆಸರುಗಳು ಯಾವ ಹಲಗೆಯ ಮೇಲಿವೆ?

ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಹಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ ಲೆಕ್ಕದಲ್ಲಿ ಬಲು ಚುರುಕಾದ ಹುಡುಗನೊಬ್ಬನಿದ್ದ. ಸುಗ್ಗಿಯ ಹೊತ್ತಿಗೆ ಬರುವುದನ್ನು ಬಿಟ್ಟ. ವಾರ ನೋಡಿದೆವು, ತಿಂಗಳು ನೋಡಿದೆವು, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆದೆವು. ಅವನ ಮನೆ ಶಾಲೆಯಿಂದ ಎರಡು ಮೈಲಿಯೂ ಇರಲಿಲ್ಲ, ನಾವು ಹೋಗಲಿಲ್ಲ. ಮುಂದೆ ಒಂದು ದಿನ ಬೇರೆ ಕೆಲಸಕ್ಕೆಂದು ಮೂಡಲಗಿಯ ಕಡೆ ಹೋದಾಗ ಒಂದು ಬೆಲ್ಲದ ಗಾಣದಲ್ಲಿ ಅವನನ್ನು ಕಂಡೆವು. ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದ. ಗಾಣದ ಗೋಡೆಯ ತುಂಬ ಇದ್ದಿಲಿನಿಂದ ಬರೆದ ಲೆಕ್ಕ: ಎಷ್ಟು ಗಾಡಿ ಕಬ್ಬು, ಎಷ್ಟು ಪೆಂಟೆ ಬೆಲ್ಲ, ಯಾರ ಕೂಲಿ ಎಷ್ಟು ಬಾಕಿ. “ಯಾರು ಬರೆದದ್ದು?” ಎಂದು ಕೇಳಿದೆವು. ಗಾಣದವರು ಅವನ ಕಡೆ ಬೆರಳು ಮಾಡಿದರು. ಲೆಕ್ಕದಲ್ಲಿ ಒಂದು ತಪ್ಪಿರಲಿಲ್ಲ. ಅವನು ನಮ್ಮನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದ. ಅವನ ಮುಖವನ್ನು ನೋಡುವುದು ನಮಗೆ ಕಷ್ಟವಾಯಿತು.

ಈಗ ಇನ್ನೊಬ್ಬ ಹುಡುಗನ ಕಥೆ ಕೇಳಿರಿ. ಇದು ನಿಮಗೆ ಗೊತ್ತಿದ್ದದ್ದೇ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದವನು. ಗೋಕಾಕಕ್ಕೆ ಓದಲು ಬಂದ. ಬಡತನ ಗಂಟು ಬಿದ್ದು ಶಾಲೆ ಬಿಡುವ ಹೊತ್ತು ಬಂದಿತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಓದಿನ ಖರ್ಚನ್ನು ತಮ್ಮ ಮೇಲೆ ಹಾಕಿಕೊಂಡರು. ಆ ಹುಡುಗ ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ., ಪಿಎಚ್.ಡಿ. ಮಾಡಿದ, 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಮೊದಲ ಕುಲಪತಿಯಾದ, 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ. ಚಂದ್ರಶೇಖರ ಕಂಬಾರರ ಹೆಸರನ್ನು ನಿಮ್ಮ ಕಾಲೇಜುಗಳ ಗೋಡೆಯ ಮೇಲೆ ಅಭಿಮಾನದಿಂದ ಬರೆದಿದ್ದೀರಿ. ಬರೆಯಬೇಕಾದದ್ದೇ. ಆದರೆ ಗಾಣದ ಗೋಡೆಯ ಲೆಕ್ಕಕ್ಕೂ ಈ ಗೋಡೆಯ ಹೆಸರಿಗೂ ನಡುವೆ ಇರುವ ಅಂತರ ಬುದ್ಧಿಯದಲ್ಲ. ಒಬ್ಬನಿಗೆ ಕೈ ಹಿಡಿಯುವವರು ಸಿಕ್ಕರು. ಇನ್ನೊಬ್ಬನ ಮಾಸ್ತರರು ಎರಡು ಮೈಲಿ ನಡೆಯಲಿಲ್ಲ.

ಈ ನೆಲದಲ್ಲಿ ವಿದ್ಯೆ ಎಂಬುದು ಯಾವ ಕಾಲಕ್ಕೂ ಒಬ್ಬನ ಸಾಧನೆಯಾಗಿರಲಿಲ್ಲ. ಹಿಂದಿನವರು ವಾರಾನ್ನ ಉಂಡು ಓದಿದ್ದನ್ನು ನಿಮ್ಮ ಅಜ್ಜಂದಿರು ಹೇಳಿರಬೇಕು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾವ ಮನೆಯಲ್ಲಿ ಸೂತಕವಾದರೂ ಆ ದಿನ ಹುಡುಗನಿಗೆ ಉಪವಾಸ. ಅದಾದ ಮೇಲೆ ಉಚಿತ ಪ್ರಸಾದ ನಿಲಯಗಳು ಬಂದವು. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ಮಠ ಇವುಗಳ ಪಂಕ್ತಿಯಲ್ಲಿ ಕುಳಿತು ಉಂಡು ಓದಿದವರು ಎಷ್ಟೋ ಮಂದಿ ಮುಂದೆ ವಕೀಲರೂ ಡಾಕ್ಟರರೂ ಆದರು. ಆ ಮಠಗಳಿಗೆ ಜೋಳ ಬಂದದ್ದು ಎಲ್ಲಿಂದ? ಹಳ್ಳಿಗಳ ಕಣಗಳಿಂದ. ತನ್ನ ಮಗನನ್ನು ಶಾಲೆಗೆ ಕಳಿಸಲಾಗದ ಒಕ್ಕಲಿಗನೂ ಒಂದು ಮರ ಜೋಳ ಅಳೆದು ಕೊಟ್ಟಿದ್ದಾನೆ.

1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆ ಕಟ್ಟಿದವರು ಏಳು ಮಂದಿ. ಜನ ಅವರನ್ನು ಸಪ್ತರ್ಷಿಗಳು ಎಂದು ಕರೆದರು. ಅವರು ಸಾಹುಕಾರರಲ್ಲ, ಮಾಸ್ತರರು. ಶಿರಸಂಗಿ ಲಿಂಗರಾಜರ ಹೆಸರಿನ ಕಾಲೇಜು 1933ರಲ್ಲಿ ಎದ್ದಿತು. ವಂಟಮುರಿಯ ರಾಜಾ ಲಖಮಗೌಡರೂ ಆ ಸಂಸ್ಥೆಗೆ ಕೈ ಬಿಚ್ಚಿ ಕೊಟ್ಟವರು. ಅವರ ಹೆಸರನ್ನು ನೀವು ಹಿಡಕಲ್ ಜಲಾಶಯದ ಮೇಲೆ ದಿನಾಲು ಓದುತ್ತೀರಿ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತು ಆಡದಿದ್ದರೆ ನಾವು ಅರ್ಧ ಸತ್ಯ ಹೇಳಿದಂತೆ. ಆ ಕಾಲದ ಬೋರ್ಡಿಂಗುಗಳಲ್ಲಿ ಬಹಳಷ್ಟು ತಂತಮ್ಮ ಜಾತಿಯ ಮಕ್ಕಳಿಗಾಗಿ ಇದ್ದವು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಸಮಾಜಕ್ಕೊಂದರಂತೆ ಬೋರ್ಡಿಂಗುಗಳನ್ನು ತೆರೆಸಿದರು. ಒಂದು ಬಾಗಿಲೂ ತೆರೆಯದಿದ್ದ ಕಾಲದಲ್ಲಿ ಅದು ದೊಡ್ಡ ಕೆಲಸವೇ. 1929ರ ಸುಮಾರಿಗೆ ಡಾ. ಅಂಬೇಡ್ಕರರು ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಸತಿಗೃಹ ಮಾಡಬೇಕಾಗಿ ಬಂದುದು ಏತಕ್ಕೆ? ಉಳಿದ ಪಂಕ್ತಿಗಳಲ್ಲಿ ಆ ಮಕ್ಕಳಿಗೆ ಎಲೆ ಹಾಕುವವರಿರಲಿಲ್ಲ, ಅದಕ್ಕೆ. ಎಲ್ಲ ಜಾತಿಯ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂಡ್ರಿಸಿದವರೂ ನಮ್ಮ ನೆರೆಯಲ್ಲೇ ಇದ್ದರು. ಭಾವೂರಾವ ಪಾಟೀಲರು 1924ರಲ್ಲಿ ಸಾತಾರೆಯಲ್ಲಿ ಅಂಥ ಬೋರ್ಡಿಂಗ್ ನಡೆಸಿದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಅದಕ್ಕೆ ಶಾಹೂ ಮಹಾರಾಜರ ಹೆಸರಿಟ್ಟರು. ಅಲ್ಲಿ ಹುಡುಗರು ತಾವೇ ನೀರು ಸೇದಿ, ತಾವೇ ಅಡಿಗೆ ಮಾಡಿ, ಹೊಲದಲ್ಲಿ ದುಡಿದು ಓದಿದರು. ದುಡಿಯುತ್ತ ಕಲಿ, ಕಲಿಯುತ್ತ ದುಡಿ ಎಂಬುದು ಅವರಲ್ಲಿ ಗೋಡೆಯ ಮೇಲಿನ ಬರಹವಾಗಿರಲಿಲ್ಲ, ಮುಂಜಾನೆಯ ಕೆಲಸವಾಗಿತ್ತು. ಮಠದ ದಾಸೋಹಕ್ಕೆ ನಾವು ತಲೆಬಾಗುತ್ತೇವೆ. ಆದರೆ ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದರೆ ಸಾತಾರೆಯ ಪಂಕ್ತಿಯನ್ನೇ ಆರಿಸುತ್ತೇವೆ.

ಈಗ ನಿಮ್ಮ ಕಾಲಕ್ಕೆ ಬರೋಣ. ನಿಮ್ಮ ಹಿರಿಯರು ಕಾಲೇಜಿಗಾಗಿ ಬೆಳಗಾವಿ, ಧಾರವಾಡ, ಕೊಲ್ಲಾಪುರ ಎಂದು ಗಂಟು ಕಟ್ಟುತ್ತಿದ್ದರು. ನಿಮಗೆ ಗೋಕಾಕದಲ್ಲಿ ಕಾಲೇಜುಂಟು, ಮೂಡಲಗಿಯಲ್ಲುಂಟು, ಹುಕ್ಕೇರಿಯಲ್ಲುಂಟು. ವಿಶ್ವವಿದ್ಯಾಲಯವೂ 2010ರಲ್ಲಿ ರಾಣಿ ಚನ್ನಮ್ಮನ ಹೆಸರಿನಲ್ಲಿ ಬೆಳಗಾವಿಗೇ ಬಂದಿತು. 2023ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿಲ್ಲ. ಇದೆಲ್ಲ ಬೇಡಿ, ಕಾದು, ಕೂಗಿ ಪಡೆದದ್ದು; ಸಣ್ಣ ಮಾತಲ್ಲ.

ಆದರೆ ಕಾಲೇಜು ಹತ್ತಿರ ಬಂದ ಹಾಗೆ ಒಂದು ವಸ್ತು ದೂರ ಹೋಯಿತು. ಒಟ್ಟಿಗೆ ಇರುವುದು ಹೋಯಿತು. ಮುಂಜಾನೆ ಬಸ್ಸಿನಿಂದ ಇಳಿದು, ಮೂರು ತಾಸು ಕುಳಿತು, ಮಧ್ಯಾಹ್ನದ ಬಸ್ಸು ತಪ್ಪೀತೆಂದು ಓಡುವ ಹುಡುಗನಿಗೆ ಪಕ್ಕದ ಬೆಂಚಿನವನ ಊರು ಯಾವುದೆಂದು ಗೊತ್ತಿರುವುದಿಲ್ಲ. ಅವನು ಒಂದು ವಾರ ಬರದಿದ್ದರೆ ಕೇಳುವವರಿಲ್ಲ. ಬೋರ್ಡಿಂಗಿನಲ್ಲಿ ಒಂದು ತಾಟು ಖಾಲಿ ಉಳಿದರೆ ಬಡಿಸುವವನೇ ಕೇಳುತ್ತಿದ್ದ: “ಎಲ್ಲಿ ಹೋದ ಅವ?” ನಿಮ್ಮ ಕಾಲೇಜಿನಲ್ಲಿ ಹಾಗೆ ಕೇಳುವ ಬಾಯಿ ಯಾವುದು? ಹಾಜರಿ ಸಾಲದೆಂದು ನೋಟೀಸು ಹಚ್ಚುವ ಸಿಪಾಯಿಯೇ?

ಹುಡುಗಿಯರ ಮಾತು ಬೇರೆಯೇ. ಟಿಕೀಟು ಇಲ್ಲವಾಯಿತು, ನಿಜ. ಆದರೆ ಸಂಜೆಯ ಬಸ್ಸು ತಡವಾಯಿತೆಂಬ ಒಂದೇ ಕಾರಣಕ್ಕೆ ಮನೆಯವರು ಕಾಲೇಜು ಬಿಡಿಸಿದ ಹುಡುಗಿಯರನ್ನು ನಾವು ಹಳ್ಳಿ ತಿರುಗುವಾಗ ಕಾಣುತ್ತೇವೆ. ಬೇಸಿಗೆ ರಜೆಗೆ ಊರಿಗೆ ಹೋದವಳು ಅಕ್ಷತೆ ಬಿದ್ದು ಅಲ್ಲೇ ಉಳಿಯುತ್ತಾಳೆ. ಗೆಳತಿಯರಿಗೆ ಸುದ್ದಿ ತಿಳಿಯುವುದು ಫೋಟೋ ನೋಡಿದಾಗ. ಅವಳ ಮನೆಗೆ ಮೊದಲೇ ನಾಲ್ವರು ಗೆಳತಿಯರು ಹೋಗಿ, “ಕಾಕೂ, ಇನ್ನೊಂದು ವರ್ಷ ಓದಸ್ರಿ, ನಾವೆಲ್ಲ ಕೂಡೇ ಬಂದು ಕೂಡೇ ಹೋಗ್ತೀವಿ” ಎಂದಿದ್ದರೆ? ಎಲ್ಲ ತಾಯಂದಿರೂ ಒಪ್ಪುತ್ತಿರಲಿಲ್ಲ. ಕೆಲವರು ಒಪ್ಪುತ್ತಿದ್ದರು. ಹಾಗೆ ಒಪ್ಪಿದವರನ್ನು ನಾವು ಬಲ್ಲೆವು.

ಕೂಡಿ ಇರುವ ಗುಣ ನಿಮ್ಮಲ್ಲಿ ಸತ್ತಿಲ್ಲ ಎಂಬುದಕ್ಕೆ ನಮ್ಮ ಕಣ್ಣೇ ಸಾಕ್ಷಿ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಬೀದಿಗಳಿಗೆ ನುಗ್ಗಿದಾಗ ಶಾಲೆಗಳ ಕೋಣೆಗಳು ಗಂಜಿ ಕೇಂದ್ರಗಳಾದವು. ಬೆಂಚು ಹೊರಗಿಟ್ಟು ಚಾಪೆ ಹಾಸಿದ ಹುಡುಗರು, ಮುದುಕಿಯರನ್ನು ಬೆನ್ನ ಮೇಲೆ ಹೊತ್ತು ತಂದ ಹುಡುಗರು, ರಾತ್ರಿ ರೊಟ್ಟಿ ಬಡಿದ ಹುಡುಗಿಯರು ನಿಮ್ಮಂಥವರೇ. ಅಂದು ಯಾರ ಅಂಕ ಎಷ್ಟೆಂದು ಯಾರೂ ಕೇಳಲಿಲ್ಲ. ಯಾರ ಜಾತಿ ಯಾವುದೆಂದು ರೊಟ್ಟಿ ಮುರಿಯುವಾಗ ಕೇಳಿದವರನ್ನು ನಾವಂತೂ ಕಾಣಲಿಲ್ಲ. ನೀರು ಇಳಿಯಿತು, ಬೆಂಚು ಒಳಗೆ ಬಂದವು, ಮತ್ತೆ ಎಲ್ಲರೂ ತಮ್ಮ ತಮ್ಮ ಬಸ್ಸು ಹತ್ತಿದರು.

ಹಣ ಎಲ್ಲಿಂದ ಎಂದು ಕೇಳುವಿರಿ. ಸರಕಾರ ಕೊಡಬೇಕು, ಇನ್ನಷ್ಟು ವಸತಿ ನಿಲಯಗಳನ್ನು, ಅದರಲ್ಲೂ ಹೆಣ್ಣುಮಕ್ಕಳಿಗೆ, ಕಟ್ಟಿಸಲೇಬೇಕು. ಆ ಬೇಡಿಕೆಯನ್ನು ನಾವು ಬಿಡುವವರಲ್ಲ. ಆದರೆ ಅರ್ಜಿ ಕೊಟ್ಟು ಕೈ ಕಟ್ಟಿ ಕೂಡುವುದು ಈ ಸೀಮೆಯ ರೀತಿಯಲ್ಲ. ಗೋಕಾಕ ಫಾಲ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ನೀರಿನಿಂದ ವಿದ್ಯುತ್ತು ಹುಟ್ಟಿತು. ಅದು ಗಿರಣಿಯ ಚಕ್ರಕ್ಕೆ ಹೋಯಿತು, ಬಡವನ ಮನೆಯಲ್ಲಿ ಚಿಮಣಿ ಎಣ್ಣೆಯೇ ಉರಿಯಿತು. ಹಳ್ಳಿಗೆ ದೀಪ ಒಯ್ಯುವ ಕೆಲಸಕ್ಕೆ 1969ರಲ್ಲಿ ಹುಕ್ಕೇರಿ ತಾಲೂಕಿನ ಜನರೇ ಸದಸ್ಯರಾಗಿ ವಿದ್ಯುತ್ ಸಹಕಾರಿ ಸಂಘ ಕಟ್ಟಿದರು. ಸಹಕಾರಿ ಸಂಘ ದೀಪ ಹಚ್ಚಬಲ್ಲದಾದರೆ ಒಂದು ಅಡಿಗೆಮನೆ ನಡೆಸಲಾರದೇ? ಒಂದು ಪುಸ್ತಕದ ಕಪಾಟು ಇಡಲಾರದೇ? ಪರೀಕ್ಷೆ ಮುಗಿದ ದಿನ ನಿಮ್ಮ ಪುಸ್ತಕಗಳು ರದ್ದಿಯ ತಕ್ಕಡಿ ಏರುವುದನ್ನು ನಾವು ನೋಡಿದ್ದೇವೆ. ಮುಂದಿನ ವರುಷದ ಹುಡುಗ ಅದೇ ಪುಸ್ತಕಕ್ಕೆ ಅಪ್ಪನ ಕೈಯಿಂದ ಸಾಲ ಮಾಡಿಸುತ್ತಾನೆ.

ನೀವು ನಮ್ಮ ಮಾತಿಗೆ ತಲೆಯಾಡಿಸಿ ಮನೆಗೆ ಹೋಗಬೇಡಿರಿ. ಒಂದು ಕೆಲಸ ತಂದಿದ್ದೇವೆ. ಪ್ರತಿ ಕಾಲೇಜಿನಿಂದ ನಾಲ್ಕು ಮಂದಿ, ಇಬ್ಬರು ಹುಡುಗಿಯರು ಇಬ್ಬರು ಹುಡುಗರು, ನಿಮ್ಮ ಪ್ರಾಚಾರ್ಯರ ಒಪ್ಪಿಗೆ ಪಡೆದು ಮೊದಲ ವರುಷದ ಹೆಸರುಪಟ್ಟಿಯನ್ನೂ ಈಗಿನದನ್ನೂ ಎದುರೆದುರು ಇಟ್ಟು ನೋಡಿರಿ. ಈಗ ಇಲ್ಲದವರ ಹೆಸರು, ಊರು ಬರೆದುಕೊಳ್ಳಿರಿ. ಅದನ್ನು ಹಲಗೆಯ ಮೇಲೆ ಹಚ್ಚಬೇಡಿರಿ; ಅವರಿಗೆ ನಾಚಿಕೆಯಾದೀತು. ಜೇಬಿನಲ್ಲಿ ಇಟ್ಟುಕೊಂಡು ಅವರ ಮನೆಗೆ ಹೋಗಿರಿ. ಫೀ ತುಂಬಲಾಗದವರು ಎಷ್ಟು, ಕಟಾವಿನ ಗ್ಯಾಂಗಿಗೆ ಹೋದವರು ಎಷ್ಟು, ಮದುವೆಯಾದವರು ಎಷ್ಟು, ನಪಾಸಾಗಿ ನಾಚಿ ಕುಳಿತವರು ಎಷ್ಟು, ಕೇಳಿಕೊಂಡು ಬರ್ರಿ. ಮದುವೆಯಾದವಳೂ ಮರಳಿ ಹೆಸರು ಹಚ್ಚಬಹುದು, ಅದನ್ನು ಅತ್ತೆಯ ಎದುರಿಗೇ ಹೇಳಿರಿ.

ಬರುವ ಭಾನುವಾರ ಮೊದಲ ಗುಂಪು ಮೂಡಲಗಿಯ ಸುತ್ತಿನ ಹಳ್ಳಿಗಳಿಗೆ ಹೊರಡುತ್ತದೆ. ಮುಂಜಾನೆ ಎಂಟಕ್ಕೆ ಮೂಡಲಗಿ ಬಸ್ ನಿಲ್ದಾಣದಲ್ಲಿ ಸೇರೋಣ. ಬುತ್ತಿ ತರ್ರಿ, ಒಂದೆರಡು ರೊಟ್ಟಿ ಹೆಚ್ಚಿಗೇ ಕಟ್ಟಿಕೊಳ್ಳಿರಿ. ನಮಗೆ ಮೊದಲು ಹೋಗಬೇಕಾದ ಗಾಣ ಒಂದಿದೆ, ಅದರ ದಾರಿ ನಾವು ತೋರಿಸುತ್ತೇವೆ.