ಸ್ಟೀರಿಂಗ್ ಎಣ್ಣೆ ಸೋರಿದರೆ ಉದಾಸೀನ ಬೇಡ



ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ಘಾಟಿಯ ತಿರುವುಗಳು ತಮಗೆ ಗೊತ್ತೇ ಇವೆ. ಅಲ್ಲಿ ಸ್ಟೀರಿಂಗ್ ಮಾತು ಕೇಳದಿದ್ದರೆ ಗತಿಯೇನು?

1951ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಪವರ್ ಸ್ಟೀರಿಂಗ್ ಕಾರನ್ನು ಮಾರಾಟಕ್ಕೆ ತಂದಿತು. ಇಂಜಿನ್ನಿನಿಂದ ಓಡುವ ಪಂಪು ಎಣ್ಣೆಯನ್ನು ಒತ್ತಿ ಚಕ್ರ ತಿರುಗಿಸಲು ನೆರವಾಗುತ್ತದೆ. ಈಚಿನ ಅನೇಕ ಕಾರುಗಳಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರಿದೆ.

ಎಣ್ಣೆ ಖಾಲಿಯಾದರೆ ಕಾರಿನ ಸ್ಟೀರಿಂಗ್ ಬಹಳ ಭಾರವಾಗುತ್ತದೆ; ಆದರೂ ಬಲ ಹಾಕಿದರೆ ತಿರುಗುತ್ತದೆ, ಏಕೆಂದರೆ ಚಕ್ರದವರೆಗೆ ಕಬ್ಬಿಣದ ಜೋಡಣೆಯಿದೆ. ಕಬ್ಬು ಎಳೆಯುವ ಅನೇಕ ಪವರ್ ಸ್ಟೀರಿಂಗ್ ಟ್ರ್ಯಾಕ್ಟರುಗಳಲ್ಲಿ ಈ ಜೋಡಣೆಯಿಲ್ಲ. ನಡುವೆ ಇರುವುದು ಎಣ್ಣೆ ಮಾತ್ರ. ಅದು ಪೂರ್ತಿ ಸೋರಿಹೋದರೆ ಸ್ಟೀರಿಂಗ್ ಸುಮ್ಮನೆ ಸುತ್ತುತ್ತದೆ, ಚಕ್ರ ತಿರುಗದು.

ಮುನ್ಸೂಚನೆಗಳನ್ನು ಗಮನಿಸಿರಿ: ಬೆಳಿಗ್ಗೆ ಗಾಡಿಯ ಕೆಳಗೆ ಎಣ್ಣೆಯ ಕಲೆ, ತಿರುಗಿಸುವಾಗ ಪಂಪಿನ ಕೀರಲು ಸದ್ದು, ದಿನೇ ದಿನೇ ಭಾರವಾಗುವ ಸ್ಟೀರಿಂಗ್.

ಬರೀ ಎಣ್ಣೆ ಸುರಿಯುತ್ತಿದ್ದರೆ ರಿಪೇರಿ ಆಗದು. ಕೆಟ್ಟ ಹೋಸನ್ನು, ಸೀಲನ್ನು ಬದಲಾಯಿಸಿರಿ. ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಿರಿ. ಬ್ರೇಕ್ ಆಯಿಲ್ ಹಾಕಿದರೆ ರಬ್ಬರ್ ಸೀಲು ಕೆಡುತ್ತದೆ. ಇಂಜಿನ್ ಓಡುವಾಗ ಬೆರಳಿಟ್ಟು ಸೋರಿಕೆ ಹುಡುಕಬೇಡಿರಿ. ಒತ್ತಡದ ಎಣ್ಣೆ ಚರ್ಮದೊಳಕ್ಕೆ ತೂರುತ್ತದೆ. ರಟ್ಟಿನ ತುಂಡು ಹಿಡಿದು ನೋಡಿರಿ.

ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ಆರಿಸಬೇಡಿರಿ. ಅದರೊಡನೆ ಪಂಪೂ ನಿಲ್ಲುತ್ತದೆ. ದಾರಿಯಲ್ಲಿ ಸ್ಟೀರಿಂಗ್ ಭಾರವಾದರೆ ವೇಗ ತಗ್ಗಿಸಿ ಪಕ್ಕಕ್ಕೆ ನಿಲ್ಲಿಸಿರಿ.

ಕಬ್ಬಿನ ಲೋಡು ಒಂದು ದಿನ ತಡವಾದರೂ ಚಿಂತೆಯಿಲ್ಲ, ಡ್ರೈವರು ಮನೆಗೆ ಮರಳಬೇಕು. ಕಟಾವಿಗೆ ಮೊದಲೇ ತಮ್ಮ ಗಾಡಿಯನ್ನು ಪರೀಕ್ಷೆ ಮಾಡಿಸಿರೆಂದು ಕೋರುತ್ತೇನೆ.