ಹೆಸರಿಲ್ಲದ ಗುಂಡಿಗಳು

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣ)



ನಿಮ್ಮಲ್ಲಿ ಅನೇಕರು ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದೀರಿ. ಆದ್ದರಿಂದ ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಜಾಲತಾಣವೊಂದನ್ನು ನಾನು ರಚಿಸಿದ್ದೆ. ನೋಡಲು ಅಂದವಾಗಿತ್ತು, ಹೊಗಳಿಕೆಯೂ ಸಿಕ್ಕಿತು. ಒಂದು ದಿನ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬ ನನ್ನೆದುರೇ ಅದನ್ನು ತುಂಬಲು ಕುಳಿತ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅವನಲ್ಲಿತ್ತು. ಅರ್ಜಿಯ ಕೊನೆಗೆ ಬಂದಾಗ, ಟ್ಯಾಬ್ ಕೀಲಿ ಒತ್ತಿದಂತೆಲ್ಲ ಅದು ಹೇಳಿದ್ದು ಇಷ್ಟೇ: 'ಬಟನ್... ಬಟನ್... ಬಟನ್.' ಅವನು ಊಹಿಸಿ ಒಂದನ್ನು ಒತ್ತಿದ. ಮುಕ್ಕಾಲು ಗಂಟೆ ತುಂಬಿದ್ದೆಲ್ಲ ಅಳಿಸಿಹೋಯಿತು. ಅಂದೇ ಕೊನೆಯ ದಿನಾಂಕ. ಹುಡುಗ ಏನೂ ಅನ್ನಲಿಲ್ಲ, ಮತ್ತೆ ಮೊದಲಿನಿಂದ ಆರಂಭಿಸಿದ. ಈ ಸಲ ಪಕ್ಕದಲ್ಲಿ ಕುಳಿತು ಯಾವುದು ಯಾವ ಗುಂಡಿಯೆಂದು ನಾನೇ ಹೇಳಿದೆ. ನಾನು ಅಲ್ಲಿ ಇಲ್ಲದಿದ್ದರೆ?

ಆಗಿದ್ದಿಷ್ಟು. ಗುಂಡಿಗಳ ಮೇಲೆ ನಾನು ಬರೀ ಚಿತ್ರಗಳನ್ನು ಇಟ್ಟಿದ್ದೆ. ಕಣ್ಣಿಗೆ ಕಸದ ಬುಟ್ಟಿ ಕಂಡರೆ ಅಳಿಸುವುದೆಂದು ತಿಳಿಯುತ್ತದೆ. ತಂತ್ರಾಂಶಕ್ಕೆ ಆ ಗುಂಡಿಯ ಹೆಸರು, ಅದರ ಬಗೆ, ಅದರ ಸ್ಥಿತಿ ಬೇಕು. ನಿಜವಾದ ಬಟನ್ ಅಂಶವನ್ನೇ ಬಳಸಿದರೆ ಬಗೆಯನ್ನು ಬ್ರೌಸರ್ ತಾನೇ ತಿಳಿಸುತ್ತದೆ. ಹೆಸರನ್ನು ಮಾತ್ರ ನೀವೇ ಕೊಡಬೇಕು. ಗುಂಡಿಯ ಮೇಲೆ ಅಕ್ಷರಗಳಿದ್ದರೆ ಅವೇ ಹೆಸರಾಗುತ್ತವೆ, ಅದೇ ಉತ್ತಮ. ಬರೀ ಚಿತ್ರವಿದ್ದರೆ ಆಲ್ಟ್ ಪಠ್ಯ ಅಥವಾ ಏರಿಯಾ-ಲೇಬಲ್ ಬರೆಯಿರಿ. ತುಂಬುವ ಚೌಕಗಳಿಗೆ ಲೇಬಲ್ ಜೋಡಿಸಿ. ಚೌಕದೊಳಗಿನ ಮಸುಕು ಸೂಚನೆಯನ್ನು ನಂಬಬೇಡಿ, ಬರೆಯತೊಡಗಿದೊಡನೆ ಅದು ಮಾಯವಾಗುತ್ತದೆ.

ಆದರೆ ಏನೋ ಒಂದು ಹೆಸರಿಟ್ಟರೆ ಸಾಲದು. ಆ ಹುಡುಗ ಹೋದ ಮೇಲೆ ನಾನು ಆತುರದಿಂದ 'ಕಸದ ಬುಟ್ಟಿ' ಎಂದು ಬರೆದೆ! ಹೇಳಬೇಕಾದುದು ಕೆಲಸವನ್ನು, ಚಿತ್ರವನ್ನಲ್ಲ. ಆಮೇಲೆ 'ಅಳಿಸು' ಎಂದು ತಿದ್ದಿದೆ. ಐದು ದಾಖಲೆಗಳಿದ್ದ ಪುಟದಲ್ಲಿ ಐದು ಸಲ 'ಅಳಿಸು' ಕೇಳಿಸಿತು. 'ಅಂಕಪಟ್ಟಿ ಅಳಿಸು', 'ಆದಾಯ ಪ್ರಮಾಣಪತ್ರ ಅಳಿಸು' ಎಂದಾಗಲೇ ಅರ್ಥ ಬಂದದ್ದು. ಹೆಸರಿನಲ್ಲಿ 'ಬಟನ್' ಪದ ಸೇರಿಸಬೇಡಿ, ತಂತ್ರಾಂಶ ಅದನ್ನು ಎರಡೆರಡು ಸಲ ಹೇಳುತ್ತದೆ. ಪುಟ ಕನ್ನಡದ್ದಾದರೆ ಭಾಷೆ ಕನ್ನಡವೆಂದು ಸಂಕೇತದಲ್ಲಿ ನಮೂದಿಸಿ. ಇಲ್ಲವಾದರೆ ಇಂಗ್ಲಿಷ್ ಧ್ವನಿ ನಮ್ಮ ಅಕ್ಷರಗಳೊಡನೆ ಹೆಣಗುತ್ತದೆ.

ಇದು ಬರೀ ಔದಾರ್ಯದ ಮಾತಲ್ಲ. ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ 2008ರಿಂದಲೇ ಈ ನಿಯಮವಿದೆ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು.

ಎನ್‌ವಿಡಿಎ ಎಂಬ ಓದುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. 2006ರಲ್ಲಿ ಅದನ್ನು ಆರಂಭಿಸಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಸ್ವತಃ ದೃಷ್ಟಿಯಿಲ್ಲದವರು. ಇಂದು ರಾತ್ರಿಯೇ ಅದನ್ನು ಹಾಕಿಕೊಳ್ಳಿ. ನೀವು ಮಾಡಿದ ಪುಟವನ್ನು ತೆರೆದು, ಇನ್ಸರ್ಟ್ ಮತ್ತು ಎಫ್7 ಕೀಲಿಗಳನ್ನು ಒಟ್ಟಿಗೆ ಒತ್ತಿ, ಬಟನ್‌ಗಳ ಪಟ್ಟಿ ನೋಡಿ. ಅದರಲ್ಲಿ ಹೆಸರಿಲ್ಲದವು ಎಷ್ಟಿವೆಯೆಂದು ಎಣಿಸಿ. ನನ್ನ ಪುಟದಲ್ಲಿ ಹನ್ನೊಂದಿದ್ದವು.