ಹಿಂದಿಕ್ಕುವುದು



ಬಾಳಿನ ಬಹುಭಾಗವನ್ನು ಹಳಗನ್ನಡ ಕಾವ್ಯಗಳ ಪಾಠದಲ್ಲಿ ಕಳೆದು, ಈಗ ಕೊಳ್ಳೇಗಾಲದಲ್ಲಿ ವಿಶ್ರಾಂತನಾಗಿರುವ ನಾನು ಮೋಟಾರು ಪಂದ್ಯದ ವಿಷಯವಾಗಿ ಮಾತನಾಡಲು ಹೊರಟಿರುವುದು ನಿಮಗೆ ವಿಚಿತ್ರವೆನಿಸೀತು. ಕಾರು ನಡೆಸಲು ನನಗೆ ಬಾರದು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಆಸನ ಹಿಡಿಯುವುದೇ ನನ್ನ ಮೋಟಾರು ವಿದ್ಯೆಯ ಪರಮಾವಧಿ. ಆದರೆ ಕೊರೋನಾ ಹಾವಳಿಯ 2021ರಲ್ಲಿ ನನ್ನ ಮಗಳ ಮಗ ನಮ್ಮ ಮನೆಯಲ್ಲಿದ್ದು ಓದುತ್ತಿದ್ದ. ಭಾನುವಾರ ಬಂತೆಂದರೆ, ‘ಬನ್ನಿ ತಾತ, ಇದೊಂದು ನೋಡಿ’ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಫಾರ್ಮುಲಾ ಒನ್ ಪಂದ್ಯಗಳನ್ನು ತೋರಿಸುತ್ತಿದ್ದ. ಮೊದಮೊದಲು ಅವನ ಮನಸ್ಸು ನೋಯದಿರಲೆಂದು ಕೂತೆ. ಕೆಲವು ವಾರಗಳ ಮೇಲೆ ನಾನೇ ಗಡಿಯಾರ ನೋಡತೊಡಗಿದೆ.

ಈ ಆಟಕ್ಕೂ ನಮ್ಮ ಊರಿಗೂ ಏನು ನಂಟು ಎಂದು ಕೇಳುವಿರೇನೋ. ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಆ ಕೊಯಮತ್ತೂರಿನವನೇ ಆದ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಕಣಕ್ಕಿಳಿದ ಮೊದಲ ಭಾರತೀಯ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊ ನಗರದಲ್ಲಿ ಫಾರ್ಮುಲಾ ಟೂ ವರ್ಗದ ಕಿರುಪಂದ್ಯವನ್ನು ಗೆದ್ದ. ಮೊನಾಕೊದ ಬೀದಿಗಳು ಇಕ್ಕಟ್ಟು. ಅಲ್ಲಿ ಮುಂದೆ ಹೊರಟವನನ್ನು ದಾಟುವುದು ಬಲು ಕಷ್ಟ. ಮೈನಿ ಮೊದಲಿಗನಾಗಿ ಹೊರಟು ಮೊದಲಿಗನಾಗಿಯೇ ಮುಗಿಸಿದ. ಆದರೆ ನನ್ನ ಇಂದಿನ ಮಾತು ದಾಟಿಹೋಗುವವರನ್ನು ಕುರಿತದ್ದು.

‘ಓವರ್‌ಟೇಕ್’ ಎಂಬುದಕ್ಕೆ ನಾವು ‘ಹಿಂದಿಕ್ಕು’ ಎನ್ನುತ್ತೇವೆ. ಕನ್ನಡದ ಮೇಷ್ಟರಾದವರಿಗೆ ಶಬ್ದವೊಂದು ಸಿಕ್ಕರೆ ಅದನ್ನು ಬಿಡಿಸಿ ನೋಡದೆ ನೆಮ್ಮದಿಯಿಲ್ಲ. ‘ಮುನ್ನುಗ್ಗು’ ಎಂದಾಗ ನುಗ್ಗುವವನು ಒಬ್ಬನಿದ್ದರೆ ಸಾಕು. ‘ಹಿಂದಿಕ್ಕು’ ಎಂದಾಗ ಮತ್ತೊಬ್ಬನು ಇರಲೇಬೇಕು. ಯಾರನ್ನು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಆ ಕ್ರಿಯಾಪದ ನಿಲ್ಲದು. ಇನ್ನು ‘ಇಕ್ಕು’ ಎಂಬುದನ್ನು ನಮ್ಮ ಸೀಮೆಯಲ್ಲಿ ತಟ್ಟೆಗೆ ಹಿಟ್ಟಿಕ್ಕುವ ತಾಯಿಯ ವಿಷಯದಲ್ಲಿಯೂ ಬಳಸುತ್ತೇವೆ. ಇಕ್ಕುವುದೆಂದರೆ ಇಡುವುದು; ಎಸೆಯುವುದಲ್ಲ. ಆ ವರ್ಷದ 22 ಪಂದ್ಯಗಳನ್ನು ನೋಡುತ್ತ ನಾನು ಮತ್ತೆ ಮತ್ತೆ ನೆನೆದದ್ದು ಈ ಶಬ್ದವನ್ನೇ.

ಮುಂದಿನ ಕಾರು ಗಾಳಿಯನ್ನು ಸೀಳುತ್ತ ಹೋಗುವುದರಿಂದ, ನೇರ ಹಾದಿಯಲ್ಲಿ ಅದರ ಬೆನ್ನಿಗಂಟಿ ಬರುವವನಿಗೆ ಗಾಳಿಯ ತಡೆ ಕಡಿಮೆ, ವೇಗ ಹೆಚ್ಚು. ಆದರೆ ತಿರುವಿನಲ್ಲಿ ಅದೇ ಕದಡಿದ ಗಾಳಿಯಿಂದ ಹಿಂದಿನ ಕಾರನ್ನು ನೆಲಕ್ಕೊತ್ತುವ ಬಲ ತಗ್ಗಿ, ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಹಿಂದಿನವನಿಗೆ ನೆರವೂ ಮುಂದಿನವನಿಂದಲೇ, ತೊಡಕೂ ಅವನಿಂದಲೇ.

ಮಾರ್ಚ್ 28ರಂದು ಬಹರೈನ್‌ನಲ್ಲಿ ಋತುವಿನ ಮೊದಲ ಪಂದ್ಯ. 56 ಸುತ್ತುಗಳಲ್ಲಿ 53ನೆಯದು. ನೆದರ್ಲೆಂಡಿನ ಮ್ಯಾಕ್ಸ್ ವರ್‌ಸ್ಟಾಪೆನ್ ನಾಲ್ಕನೆಯ ತಿರುವಿನಲ್ಲಿ ಹೊರಬದಿಯಿಂದ ಬಂದು ಬ್ರಿಟನ್ನಿನ ಲೂಯಿಸ್ ಹ್ಯಾಮಿಲ್ಟನ್‌ನನ್ನು ಹಿಂದಿಕ್ಕಿದ. ನಾನು ಚಪ್ಪಾಳೆ ತಟ್ಟಿದೆ. ಮೊಮ್ಮಗ ತಲೆಯಾಡಿಸಿದ. ದಾಟುವ ಭರದಲ್ಲಿ ವರ್‌ಸ್ಟಾಪೆನ್‌ನ ಕಾರು ಹಾದಿಯ ಅಂಚಿನ ಗೆರೆಯಾಚೆ ಹೋಗಿತ್ತು. ಹೀಗೆ ಪಡೆದ ಸ್ಥಾನವನ್ನು ಅವನು ಹಿಂದಿರುಗಿಸಬೇಕಾಯಿತು. ಹ್ಯಾಮಿಲ್ಟನ್ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದ. ಗಳಿಸಿದ್ದನ್ನು ಅಲ್ಲೇ, ಆ ಓಟದ ನಡುವೆಯೇ ಮರಳಿ ಕೊಡುವ ಈ ನಿಯಮ ನನಗೆ ಬಹಳ ಹಿಡಿಸಿತು. ನಮ್ಮ ಲೋಕವ್ಯವಹಾರದಲ್ಲಿ ಇದು ಎಷ್ಟು ಅಪರೂಪ!

ಜುಲೈ 18ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್. ಅಲ್ಲಿ ಕಾಪ್ಸ್ ಎಂಬ ಅತಿ ವೇಗದ ತಿರುವೊಂದಿದೆ. ಮೊದಲ ಸುತ್ತಿನಲ್ಲೇ ಹ್ಯಾಮಿಲ್ಟನ್ ಒಳಬದಿಯಿಂದ ನುಗ್ಗಿದ, ವರ್‌ಸ್ಟಾಪೆನ್ ಬಿಟ್ಟುಕೊಡಲಿಲ್ಲ, ಚಕ್ರಕ್ಕೆ ಚಕ್ರ ತಗುಲಿತು. ವರ್‌ಸ್ಟಾಪೆನ್‌ನ ಕಾರು ಟೈರುಗಳ ತಡೆಗೋಡೆಗೆ ಅಪ್ಪಳಿಸಿದಾಗ ಆದ ಆಘಾತ ಗುರುತ್ವದ 51 ಪಟ್ಟು. ಅವನನ್ನು ಆಸ್ಪತ್ರೆಗೆ ಒಯ್ದರು. ತಪ್ಪಿನ ಹೆಚ್ಚಿನ ಪಾಲು ಹ್ಯಾಮಿಲ್ಟನ್‌ನದೆಂದು ತೀರ್ಪುಗಾರರು 10 ಸೆಕೆಂಡುಗಳ ದಂಡ ವಿಧಿಸಿದರು. ಅದನ್ನು ತೆತ್ತು ಹಿಂದೆ ಬಿದ್ದ ಹ್ಯಾಮಿಲ್ಟನ್, 52ರಲ್ಲಿ 50ನೆಯ ಸುತ್ತಿನಲ್ಲಿ, ಅದೇ ಕಾಪ್ಸ್ ತಿರುವಿನಲ್ಲಿ, ಮೊದಲಿಗನಾಗಿದ್ದ ಶಾರ್ಲ್ ಲೆಕ್ಲೇರ್‌ನನ್ನು ದಾಟಿದ. ಈ ಸಲ ಅವನು ಒಳ ಅಂಚಿಗೆ ಹೆಚ್ಚು ಹತ್ತಿರವಾಗಿ ನಡೆದ. ಲೆಕ್ಲೇರ್ ಹೊರಬದಿಯಲ್ಲಿ ಜಾಗ ಬಿಟ್ಟು, ತುಸು ಹೊರಗೆ ಸರಿದು ಮತ್ತೆ ಹಾದಿಗೆ ಬಂದ. ತಿರುವು ಒಂದೇ, ದಾಟಿದವನೂ ಒಬ್ಬನೇ. ಮೊದಲಿನದು ಎಸೆತವಾಗಿತ್ತು, ಕೊನೆಯದು ಇಕ್ಕುವಿಕೆಯಾಯಿತು ಎನ್ನುವಷ್ಟು ವ್ಯತ್ಯಾಸ. ಎರಡರ ನಡುವೆ ಇದ್ದದ್ದು ಕೈಯಗಲದ ಜಾಗ.

ಹಿಂದಿಕ್ಕಿಸಿಕೊಳ್ಳುವುದೂ ಒಂದು ಕಲೆಯೆಂದು ತಿಳಿದದ್ದು ಆಗಸ್ಟ್ 1ರಂದು, ಹಂಗೇರಿಯಲ್ಲಿ. ಮೂರು ದಿನಗಳ ಹಿಂದಷ್ಟೇ 40 ತುಂಬಿದ್ದ ಸ್ಪೇನಿನ ಫರ್ನಾಂಡೊ ಅಲೊನ್ಸೊ, ತನಗಿಂತ ವೇಗವಾಗಿದ್ದ ಹ್ಯಾಮಿಲ್ಟನ್‌ನನ್ನು ಹತ್ತು ಸುತ್ತುಗಳಷ್ಟು ಕಾಲ ತಡೆದು ನಿಲ್ಲಿಸಿದ. ಒಮ್ಮೆಯೂ ಡಿಕ್ಕಿ ಕೊಡಲಿಲ್ಲ. ತಿರುವಿನಲ್ಲಿ ಒಂದು ಕಾರಿಗೆ ಬೇಕಾದಷ್ಟು ಜಾಗ ಬಿಟ್ಟು, ಅದಕ್ಕಿಂತ ಅಂಗುಲವನ್ನೂ ಹೆಚ್ಚಿಗೆ ಬಿಡದೆ ಓಡಿಸಿದ. ಕೊನೆಗೆ ಮೊದಲ ತಿರುವಿನಲ್ಲಿ ಅವನ ಚಕ್ರ ಬಿಗಿದು ಜಾರಿದಾಗ ಹ್ಯಾಮಿಲ್ಟನ್ ದಾಟಿದ. ಆ ವಿಳಂಬದಿಂದಾಗಿ ಅಲೊನ್ಸೊನ ಜೊತೆಗಾರ ಎಸ್ತೆಬಾನ್ ಒಕಾನ್ ತನ್ನ ಮೊದಲ ಫಾರ್ಮುಲಾ ಒನ್ ಗೆಲುವನ್ನು ಪಡೆದ.

ನವೆಂಬರ್ 14ರಂದು ಬ್ರೆಜಿಲ್ಲಿನ ಸಾವೊ ಪಾಲೊ. ಹಿಂದಿನ ದಿನದ ಕಿರುಪಂದ್ಯದಲ್ಲಿ 20ನೆಯವನಾಗಿ ಹೊರಟು 5ನೆಯವನಾಗಿ ಮುಗಿಸಿದ್ದ ಹ್ಯಾಮಿಲ್ಟನ್, ಎಂಜಿನ್ ಬದಲಿಸಿದ್ದಕ್ಕೆ ದಂಡ ತೆತ್ತು ಈ ದಿನ 10ನೆಯವನಾಗಿ ಹೊರಟ. 48ನೆಯ ಸುತ್ತಿನಲ್ಲಿ ವರ್‌ಸ್ಟಾಪೆನ್‌ನನ್ನು ದಾಟಹೋದಾಗ ಇಬ್ಬರೂ ಹಾದಿಯಿಂದ ಹೊರಗೆ ಹೋದರು. ಹ್ಯಾಮಿಲ್ಟನ್ ಮತ್ತೆ ಹಿಂದೆ ನಿಂತು ಕಾದ. 59ನೆಯ ಸುತ್ತಿನಲ್ಲಿ, ತಿರುವು ಬರುವುದಕ್ಕೆ ಮುನ್ನವೇ, ಜಗಳಕ್ಕೆ ಎಡೆಯಿಲ್ಲದಂತೆ ದಾಟಿದ. ಹನ್ನೊಂದು ಸುತ್ತುಗಳ ತಾಳ್ಮೆ ಅದು.

ಡಿಸೆಂಬರ್ 12ರಂದು ಅಬುಧಾಬಿಯಲ್ಲಿ ಕೊನೆಯ ಪಂದ್ಯ. ಇಬ್ಬರ ಅಂಕವೂ 369.5. ಪಂದ್ಯದ ಬಹುಭಾಗ ಹ್ಯಾಮಿಲ್ಟನ್ನನೇ ಮುಂದಿದ್ದ. ಕೊನೆಯಲ್ಲಿ ಬೇರೊಂದು ಕಾರು ಅಪಘಾತಕ್ಕೀಡಾಗಿ, ಎಲ್ಲರೂ ನಿಧಾನವಾಗಿ ಸಾಲಾಗಿ ಸಾಗಬೇಕಾಯಿತು. ಪಂದ್ಯದ ನಿರ್ದೇಶಕರು ಇಬ್ಬರ ನಡುವೆ ಇದ್ದ ಐದು ಕಾರುಗಳನ್ನು ಮಾತ್ರ ಮುಂದೆ ಕಳುಹಿಸಿ, ಕೊನೆಯ ಒಂದು ಸುತ್ತಿಗಾಗಿ ಓಟವನ್ನು ಮತ್ತೆ ಆರಂಭಿಸಿದರು. ಹೊಸ ಟೈರು ಹಾಕಿಸಿಕೊಂಡಿದ್ದ ವರ್‌ಸ್ಟಾಪೆನ್ ಐದನೆಯ ತಿರುವಿನಲ್ಲಿ ಹ್ಯಾಮಿಲ್ಟನ್‌ನನ್ನು ಹಿಂದಿಕ್ಕಿ ಪಂದ್ಯವನ್ನೂ ವಿಶ್ವಪದವಿಯನ್ನೂ ಗೆದ್ದ. ಕಾರುಗಳನ್ನು ಹಾಗೆ ಕಳುಹಿಸಿದ್ದು ಮಾನವ ದೋಷವೆಂದು 2022ರಲ್ಲಿ ಹೊರಬಂದ ವಿಚಾರಣಾ ವರದಿ ಹೇಳಿತು. ಫಲಿತಾಂಶ ಹಾಗೆಯೇ ನಿಂತಿತು. ದಾಟಿದವನ ಕೈಚಳಕದಲ್ಲಿ ಕುಂದಿರಲಿಲ್ಲ. ಆದರೂ ಇಬ್ಬರ ನಡುವಣ ಒಪ್ಪಂದಕ್ಕೆ ಸಾಕ್ಷಿಯಾಗಿ ನಿಂತ ನಿಯಮವೇ ಅಲುಗಿದಾಗ, ಗೆಲುವಿನ ರುಚಿಯೂ ಕಲಕುತ್ತದೆ.

ಒಪ್ಪಂದ ಎಂಬ ಮಾತನ್ನು ಬೇಕೆಂದೇ ಆಡಿದೆ. ನನ್ನ ಬಾಲ್ಯ ಯಳಂದೂರಿನ ಕಡೆಯ ಹಳ್ಳಿಯಲ್ಲಿ ಕಳೆಯಿತು. ಬಿಳಿಗಿರಿರಂಗನ ಬೆಟ್ಟದ ತೇರಿಗೆ ಹೊರಟ ಎತ್ತಿನ ಗಾಡಿಗಳ ಸಾಲಿನಲ್ಲಿ ಹಿಂದಿನ ಗಾಡಿಯ ಗೆಜ್ಜೆಯ ಸದ್ದು ಹತ್ತಿರವಾದರೆ ನಮ್ಮ ತಂದೆ ಮೂಗುದಾರ ಎಳೆದು ಪಕ್ಕಕ್ಕೆ ಸರಿಯುತ್ತಿದ್ದರು. ದಾಟುವವನು, ‘ಮುಂದಕ್ಕೋಯ್ತೀವಿ ಕಣಣ್ಣೋ’ ಎನ್ನುತ್ತಿದ್ದ. ‘ಓಗ್ರಪ್ಪ, ಓಗಿ’ ಎಂದು ಇವರು. ಕೇಳದೆ ದಾಟಿದವನು ಜಾತ್ರೆಯಲ್ಲಿ ಎದುರು ಸಿಕ್ಕಾಗ ತಲೆ ತಗ್ಗಿಸಬೇಕಾಗುತ್ತಿತ್ತು.

ಕಳೆದ ಶಿವರಾತ್ರಿಯ ಸಮಯದಲ್ಲಿ ಮೊಮ್ಮಗನೊಡನೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದೆ. ಈಗ ಅವನಿಗೆ ಪರವಾನಗಿ ಬಂದಿದೆ. ಕಾರು ಅವನ ಕೈಯಲ್ಲಿತ್ತು. ಹನೂರು ದಾಟಿದ ಮೇಲೆ ಮುಂದೊಂದು ಬಸ್ಸು. ತಿರುವಿಗೆ ಮುನ್ನ ಅದನ್ನು ದಾಟಿಬಿಡಬೇಕೆಂದು ಅವನು ವೇಗ ಹೆಚ್ಚಿಸಿದ. ಬಸ್ಸಿನ ಮಗ್ಗುಲಿಗೆ ಬಂದಾಗ ಕಂಡದ್ದು, ಎದುರಿನಿಂದ ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದ ಪರಿಷೆಯವರು, ಬೆಟ್ಟದಿಂದ ಮರಳುತ್ತಿದ್ದವರಿರಬೇಕು. ತಲೆಯ ಮೇಲೆ ಗಂಟು ಹೊತ್ತ ಮುದುಕಿಯೊಬ್ಬಳು ಸಾಲಿನ ಕೊನೆಯಲ್ಲಿದ್ದಳು. ಅವನು ಬ್ರೇಕು ಒತ್ತಿದ. ಬಸ್ಸು ಮುಂದೆ ಹೋಯಿತು. ನಾವು ಅದರ ಹಿಂದೆ ಸೇರಿಕೊಂಡೆವು. ಮುದುಕಿ ತನ್ನ ಪಾಡಿಗೆ ತಾನು ನಡೆದು ಹೋದಳು. ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ದನಿ ನಡುಗುತ್ತಿತ್ತು. ಕೌದಳ್ಳಿ ಬಂದಾಗ ಅವನೇ ಹೇಳಿದ: ‘ಆ ಅಜ್ಜಿ ನಮ್ಮ ಕಡೆ ನೋಡೇ ಇರಲಿಲ್ಲ ತಾತ.’

ನಾನು ಹೇಳಬೇಕೆಂದಿದ್ದುದೂ ಅದೇ. ಹ್ಯಾಮಿಲ್ಟನ್‌ನಿಗೆ ವರ್‌ಸ್ಟಾಪೆನ್ ಗೊತ್ತು, ವರ್‌ಸ್ಟಾಪೆನ್‌ನಿಗೆ ಹ್ಯಾಮಿಲ್ಟನ್ ಗೊತ್ತು. ಇಬ್ಬರೂ ಒಪ್ಪಿ ಕಣಕ್ಕಿಳಿದವರು. ಸುತ್ತ ತಡೆಗೋಡೆ, ತಲೆಯ ಮೇಲೆ ರಕ್ಷೆ, ಅಳೆಯಲು ತೀರ್ಪುಗಾರರು. ಬೆಟ್ಟದ ದಾರಿಯಲ್ಲಿ ನಡೆಯುವವರು ಯಾವ ಪಂದ್ಯಕ್ಕೂ ಹೆಸರು ಕೊಟ್ಟವರಲ್ಲ. ಆದುದರಿಂದಲೇ ರಸ್ತೆಯ ಕಾನೂನು ಪಂದ್ಯದ ಕಾನೂನಿಗೆ ಬೇರೆಯಾಗಿದೆ. ತಿರುವಿನಲ್ಲಿ ದಾಟಬಾರದು, ಘಟ್ಟದಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕು, ದಾಟಿಸಿಕೊಳ್ಳುವವನು ವೇಗ ಹೆಚ್ಚಿಸಿ ಅಡ್ಡಿ ಮಾಡಬಾರದು. ಹಂಗೇರಿಯಲ್ಲಿ ಅಲೊನ್ಸೊ ಮೆರೆದ ಕಲೆ ಹನೂರಿನ ರಸ್ತೆಯಲ್ಲಿ ಅಪರಾಧ.

ಮೊಮ್ಮಗ ಈಗ ಮೋಟಾರು ಬೈಕು ಕೊಡಿಸೆಂದು ತಾಯಿಯನ್ನು ಕೇಳುತ್ತಿದ್ದಾನೆ. ಮಗಳು ನನ್ನ ಅಭಿಪ್ರಾಯ ಕೇಳಿದಳು. ಬೇಡವೆನ್ನಲು ನಾಲಗೆ ತುದಿಯವರೆಗೂ ಬಂದಿತ್ತು. ಆದರೆ ಆ ದಿನ ಬಸ್ಸಿನ ಹಿಂದೆ ಮರಳಿ ಸೇರಿಕೊಂಡವನು ಅವನು. ಬಹರೈನ್‌ನಲ್ಲಿ ಪಡೆದ ಸ್ಥಾನವನ್ನು ಹಿಂದಿರುಗಿಸಿದಂತೆ, ಅವನೂ ಹಿಂದಿರುಗಿಸಿದ್ದ. ಕೊಡಿಸು ಎಂದಿದ್ದೇನೆ. ಅಂದಿನಿಂದ ಸಂಜೆ ಆರಾದ ಮೇಲೆ ಬಾಗಿಲ ಕಡೆ ನೋಡುವುದು ನನಗೆ ಅಭ್ಯಾಸವಾಗಿದೆ.